ಹೂವ ಕೇಳುತ್ತಿದ್ದ ಫಿಜಿಕ್ಸ್ ಮೇಷ್ಟ್ರು

ನಮ್ಮ ರಾಯಪ್ಪ ಮಾವ ದೇವರನ್ನು ಬೈಯುತ್ತಿದ್ದ. ಸುಮ್ಮಸುಮ್ಮನೆ ಅಲ್ಲ, ಉತ್ತರ ಕೊಡಲು ತಡ ಮಾಡಿದರೆ ಮಾತ್ರ. ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಗರ್ಭಗುಡಿಯೊಳಗೆ ನಿಂತು, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, "ಏನಮ್ಮಾ, ಓದ್ಕಂಡ್ ಬಂದಿಲ್ವಾ ಇವತ್ತು? ಹಿಂಗೆ ಬಾಯಿಗೆ ಬೀಗ ಹಾಕ್ಕಂಡು ಕುಂತ್ರೆ ಹೆಂಗೆ? ಹತ್ತಕ್ಕೆ ನಂಗೆ ಫಸ್ಟ್ ಪೀರಿಯಡ್ ಐತೆ. ಹೇಳೋದೇನಿದ್ರೂ ಬೇಗ ಹೇಳ್ಬುಡು" ಎಂದು ಗದರುತ್ತಿದ್ದ. ಹೊರಗೆ ಕೈಮುಗಿದು ನಿಂತವರಿಗೆ ನಗಬೇಕೋ ಹೆದರಬೇಕೋ ತಿಳಿಯುತ್ತಿರಲಿಲ್ಲ.

ಆಂಧ್ರದ ಕಲ್ಯಾಣದುರ್ಗದಿಂದ ಕಂಬದೂರಿನ ಕಡೆ ಹೋಗುವ ರಸ್ತೆಯ ಅಂಚಿನಲ್ಲಿ ನಮ್ಮ ಮನೆದೇವರು ಚೌಡಮ್ಮನ ಗುಡಿ ಇದೆ. ಗುಡಿ ಅಂದರೆ ಗೋಪುರ ಗೀಪುರ ಏನಿಲ್ಲ. ಒಂದು ಕಲ್ಲಿನ ಕೋಣೆ, ಮುಂದೆ ತಗಡಿನ ಚಪ್ಪರ. ತಲೆಮಾರುಗಳಿಂದ ಅಲ್ಲಿ ಪೂಜೆ ನಮ್ಮ ಅವ್ವನ ತವರಿನವರದ್ದೇ. ಕಷ್ಟ ಇದ್ದವರು, ಮನಸ್ಸು ಎರಡಾದವರು ಅಲ್ಲಿಗೆ ಬಂದು ಹೂ ಕೇಳುತ್ತಾರೆ. ಪೂಜಾರಿ ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೆ ಅಂಟಿಸುತ್ತಾನೆ, ಕೇಳಬೇಕಾದ್ದನ್ನು ಕೇಳುತ್ತಾನೆ. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಅಂತ. ಎಡಗಡೆಯದು ಬಿದ್ದರೆ ಬೇಡ ಅಂತ. ಅಷ್ಟೇ. ಹೆಣ್ಣು ಕೊಡುವುದು, ಮನೆ ಕಟ್ಟುವುದು, ಮುನಿಸಿಕೊಂಡು ಹೋದ ಸೊಸೆಯನ್ನು ಕರೆತರುವುದು, ಎಲ್ಲಕ್ಕೂ ಸೆಟ್ಟೂರಿನ ಕಡೆಯಿಂದಲೂ ಜನ ಬರುತ್ತಿದ್ದರು. ಒಮ್ಮೆ ಬಿದ್ದ ಮೇಲೆ ಅದಕ್ಕೆ ಎದುರು ಮಾತಾಡಿದವರನ್ನು ನಾನು ನೋಡಿಲ್ಲ.

ಆ ಪೂಜಾರಿಯೇ ಹತ್ತು ಗಂಟೆಗೆ ಪ್ಯಾಂಟು ಹಾಕಿಕೊಂಡು, ಹಣೆಯ ಕುಂಕುಮವನ್ನೂ ಒರೆಸದೆ, ಕಲ್ಯಾಣದುರ್ಗದ ಜೂನಿಯರ್ ಕಾಲೇಜಿನಲ್ಲಿ ಫಿಜಿಕ್ಸ್ ಪಾಠ ಹೇಳುತ್ತಿದ್ದ. ಎಂಥಾ ಪಾಠ ಅಂತೀರಿ! ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ತೆಲುಗು, ಸಿಟ್ಟು ಬಂದರೆ ಎರಡೂ. "ಕಾರಣ ಇಲ್ದೆ ಹುಲ್ಕಡ್ಡೀನೂ ಅಲ್ಲಾಡಲ್ಲ" ಅನ್ನುವುದು ಅವನ ಮಂತ್ರ. ಉತ್ತರ ಸರಿ ಇದ್ದರೂ ಬಿಡುತ್ತಿರಲಿಲ್ಲ, ಯಾಕೆ ಸರಿ ಅಂತ ಹೇಳಬೇಕು. ಹೇಳದಿದ್ದರೆ ಸೀಮೆಸುಣ್ಣ ಹಾರಿ ಬಂದು ಸರಿಯಾಗಿ ಹಣೆಗೇ ತಾಗುತ್ತಿತ್ತು. ಒಂದು ದಿನ ಹಿಂದಿನ ಬೆಂಚಿನ ಒಬ್ಬ ಕಿಲಾಡಿ ಎದ್ದು ನಿಂತು, ಸಾರ್, ನಿಮ್ಮ ಗುಡಿಯಲ್ಲಿ ಹೂವು ಬೀಳುವುದು ಗ್ರ್ಯಾವಿಟಿಯಿಂದಲೇ ಅಲ್ಲವೇ ಎಂದು ಕೇಳಿಬಿಟ್ಟ. ಇಡೀ ಕ್ಲಾಸು ಮಾವನ ಕೈಯ ಸೀಮೆಸುಣ್ಣ ನೋಡಿತು. ಮಾವನಿಗೆ ಒಂಚೂರೂ ಬೇಜಾರಾಗಲಿಲ್ಲ. "ಬೀಳೋದು ಗ್ರ್ಯಾವಿಟಿ ಕಣ್ಲಾ. ಯಾವ ಕಡೆ ಬೀಳ್ತದೆ ಅನ್ನೋದು ಅಮ್ಮ" ಅಂದ. ಆಮೇಲೆ ತೆಲುಗಿನಲ್ಲಿ, "ಅರ್ಥಮಯಿಂದಾ? ಕೂರ್ಚೋ" ಎಂದು ಅವನನ್ನು ಕೂರಿಸಿದ. ಆ ಮಾತಿಗೆ ನಾನೂ ಎಲ್ಲರಂತೆ ಚಪ್ಪಾಳೆ ಹೊಡೆದೆ.

ನಾನು ಆ ಕ್ಲಾಸಿನಲ್ಲಿ ಇದ್ದದ್ದು ಮಾವನ ಹಟದಿಂದ. ನಮ್ಮ ಮನೆ ಇರುವುದು ಹಿಂದೂಪುರದಲ್ಲಿ. ಅಪ್ಪ ಹುಣಸೆಹಣ್ಣಿನ ಮಂಡಿಯಲ್ಲಿ ತೂಕ ಹಾಕುವವನು; ಮಾತು ಕಡಿಮೆ, ಭಯ ಜಾಸ್ತಿ. ಹತ್ತನೇ ಕ್ಲಾಸು ಆದ ಕೂಡಲೇ ಮಾವ ಬಂದು, "ಹುಡುಗೀನ ನಂಜತೆ ಕಳ್ಸಿ ಭಾವ, ಇಲ್ಲಿದ್ರೆ ಹುಣಸೆಬೀಜ ಬಿಡಿಸ್ಕಂಡು ಕುಂತಿರ್ತಾಳೆ" ಎಂದು ಕರೆದುಕೊಂಡು ಹೋದ. ಅತ್ತೆ ಒಳ್ಳೆಯವಳು; ಅವಳ ಮಗ ರಘುವಿಗೆ ಕೊಟ್ಟಷ್ಟೇ ತುಪ್ಪ ನನಗೂ ಬಡಿಸುತ್ತಿದ್ದಳು. ರಘು ಆಗಿನ್ನೂ ಚಡ್ಡಿ ಹುಡುಗ, ಒಬ್ಬನೇ ಮಗ.

ಸಂಜೆಯಾದರೆ ಮಾವ ನನ್ನನ್ನು ಮಾಳಿಗೆಗೆ ಹತ್ತಿಸುತ್ತಿದ್ದ. ನಮ್ಮ ಸೀಮೆಯ ಆಕಾಶದಲ್ಲಿ ಮೋಡಕ್ಕೆ ಬರ, ನೋಟಕ್ಕೆ ಬರವಿಲ್ಲ. ತುಂಬ ಎತ್ತರದಲ್ಲಿ ವಿಮಾನವೊಂದು ಬಿಳಿ ಗೆರೆ ಎಳೆದುಕೊಂಡು ಹೋಗುತ್ತಿದ್ದರೆ, "ಅಷ್ಟು ತೂಕದ್ದು ಹೆಂಗೆ ಬೀಳದಂಗೆ ಹೋಯ್ತೈತೆ, ಹೇಳು. ಹೇಳಿದ ಮ್ಯಾಲೆ ಊಟ" ಅನ್ನುತ್ತಿದ್ದ. ನಾನು ರೆಕ್ಕೆ ಅನ್ನುತ್ತಿದ್ದೆ. ರೆಕ್ಕೆ ಏನು ಮಾಡ್ತದೆ? ಗಾಳಿ ಎತ್ತುತ್ತೆ. ಗಾಳಿ ಯಾಕೆ ಎತ್ತುತ್ತೆ, ನಿನ್ನ ಸಂಬಂಧಿಕನಾ? ಹೀಗೆ ಒಂದೊಂದೇ ಮೆಟ್ಟಿಲು ಹತ್ತಿಸಿ, ಕೊನೆಗೆ, "ಎಲ್ಲಾ ಸರಿ, ಅದನ್ನ ಮುಂದಕ್ಕೆ ನೂಕೋದ್ಯಾರು?" ಎಂಬಲ್ಲಿಗೆ ತಂದು ನಿಲ್ಲಿಸುತ್ತಿದ್ದ. ನನಗೆ ಇಂಜಿನ್ನಿನ ಹುಚ್ಚು ಹತ್ತಿದ್ದು ಆ ಮಾಳಿಗೆಯ ಮೇಲೆ. ಹತ್ತಿಸಿದವನು ಬೇರೆ ಯಾರೂ ಅಲ್ಲ, ಇವನೇ.

ಇಂಜಿನಿಯರಿಂಗ್ ಸೇರಲು ಬರೆಯುವ ಎಂಸೆಟ್ಟಿನಲ್ಲಿ ಒಳ್ಳೆಯ ರ್‍ಯಾಂಕು ಬಂತು. ಹೈದರಾಬಾದಿನ ಹೊರಗಿನ ಒಂದು ಕಾಲೇಜಿನಲ್ಲಿ ಏರೋನಾಟಿಕಲ್ ಸಿಗುತ್ತದೆ ಅಂತಾಯಿತು. ಅಪ್ಪ ಕಂಗಾಲಾದ. ಹೆಣ್ಣುಮಗಳು, ಅಷ್ಟು ದೂರ, ಅದೂ ವಿಮಾನ! "ಅದೇನ್ ಹಿಂದೂಪುರಕ್ಕೆ ಬಂದು ನಿಲ್ತದಾ?" ಅಂದ. ಅವ್ವ ಅತ್ತಳು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಎದುರುಮನೆಯವರು ಆಡಿಕೊಂಡರು. ಎರಡು ದಿನ ಮನೆಯಲ್ಲಿ ಸರಿಯಾಗಿ ಒಲೆ ಉರಿಯಲಿಲ್ಲ. ಆಗ ಬಂದ ನೋಡಿ ನಮ್ಮ ಮಾವ, ಬೆಳಗಿನ ಬಸ್ಸಿಗೆ, ಬೆವರಿಳಿಸಿಕೊಂಡು. ಒಳಗೆ ಬಂದವನೇ ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದ. ಅದರೊಳಗೆ ಒಂದು ಬಾಡಿದ ಕಣಗಿಲೆ. "ಭಾವ, ನೋಡ್ಕಳಿ. ಬಲಕ್ಕೆ ಕೊಟ್ಟವ್ಳೆ. ಕೇಳಿ ಬಾಯಿ ಮುಚ್ಚಾಕಿಲ್ಲ, ದಪ್ ಅಂತ ಬಿತ್ತು" ಅಂದ. ಅಪ್ಪ ಹೂವನ್ನು ಕಣ್ಣಿಗೊತ್ತಿಕೊಂಡು, ಆಯಿತು ಅಂದ. ನಾನು ಮಾವನ ಕಾಲಿಗೆ ಬಿದ್ದೆ. ಆವತ್ತು ನನ್ನ ಪಾಲಿಗೆ ದೇವರೂ ಅವನೇ, ಪೂಜಾರಿಯೂ ಅವನೇ.

ಹೈದರಾಬಾದಿನಲ್ಲಿ ಮೊದಲ ಎರಡು ವರ್ಷ ಲೆಕ್ಕ, ಡ್ರಾಯಿಂಗು, ಮೆಸ್ಸಿನ ಸಾರು ಇವುಗಳಲ್ಲೇ ಮುಗಿಯಿತು. ಮೂರನೇ ವರ್ಷ ಪ್ರೊಪಲ್ಷನ್ ಲ್ಯಾಬಿಗೆ ಕಾಲಿಟ್ಟೆ. ಪ್ರೊಪಲ್ಷನ್ ಅಂದರೆ ಆ ನೂಕುವ ಕೆಲಸದ್ದೇ ಶಾಸ್ತ್ರ, ಇಂಜಿನ್ನಿನದು. ಲ್ಯಾಬಿನ ಹಿಂದೆ ಒಂದು ಶೆಡ್ಡು. ಅದರಲ್ಲಿ ಉದ್ದನೆಯ ಕಬ್ಬಿಣದ ಕೊಳವೆ. ಒಂದು ತುದಿಯಿಂದ ಗಾಳಿ ಜೋರಾಗಿ ನುಗ್ಗುತ್ತದೆ, ನಡುವೆ ಸೀಮೆಎಣ್ಣೆ ಚಿಮ್ಮುತ್ತದೆ, ಕಿಡಿ ಹತ್ತಿದ ಕೂಡಲೇ ಇಡೀ ಶೆಡ್ಡು ಗುಡುಗುತ್ತದೆ. ಮಿಕ್ಕವರು ಕಿವಿ ಮುಚ್ಚಿಕೊಂಡು ಹಿಂದೆ ಸರಿದರು. ನನಗೆ ಮೈಯೆಲ್ಲ ರೋಮಾಂಚನ. ಸದ್ದು ಒಂಚೂರು ಬದಲಾದರೂ ಈಗ ಬೆಂಕಿ ಆರುತ್ತದೆ ಅಂತ ನನಗೆ ಮೊದಲೇ ತಿಳಿಯುತ್ತಿತ್ತು. ಹೇಗೆ ಅಂತ ಕೇಳಿದರೆ ಗೊತ್ತಿಲ್ಲ. ಲ್ಯಾಬು ನೋಡಿಕೊಳ್ಳುತ್ತಿದ್ದ ಸುಬ್ಬಾರಾವ್ ಸರ್ ಇದನ್ನು ಗಮನಿಸಿ, "ನುವ್ವು ಇಂಜನ್ ಮನಿಷಿವಮ್ಮಾ" ಅಂದರು. ನೀನು ಇಂಜಿನ್ನಿನ ಮನುಷ್ಯಳು ಕಣಮ್ಮ ಅಂತ. ಬರುವ ವರ್ಷ ಪ್ರೊಪಲ್ಷನ್ ಆರಿಸಿಕೋ, ನನ್ನ ಪ್ರಾಜೆಕ್ಟಿಗೆ ಸೇರಿಸಿಕೊಳ್ಳುತ್ತೇನೆ, ಮುಂದಿನ ಓದಿಗೂ ನಾನೇ ದಾರಿ ತೋರಿಸುತ್ತೇನೆ ಅಂದರು. ನನ್ನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ನನಗೆ ಇನ್ನೊಬ್ಬರು ಹೇಳಿಲ್ಲ.

ನಮ್ಮ ಕಾಲೇಜಿನಲ್ಲಿ ಮೂರನೇ ವರ್ಷ ಮುಗಿಯುವಾಗ ಯಾವುದಾದರೂ ಒಂದು ವಿಭಾಗ ಆರಿಸಿಕೊಳ್ಳಬೇಕಿತ್ತು. ಬೇಸಿಗೆಯ ರಜೆಗೆ ಬಂದವಳು ಮನೆಗೂ ಹೋಗದೆ ಸೀದಾ ಕಲ್ಯಾಣದುರ್ಗಕ್ಕೆ ಹೋದೆ, ಮೊದಲು ಮಾವನಿಗೆ ಹೇಳಬೇಕು ಅಂತ. ಮಾವ ಮಂಚದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಯಾವ್ ಯಾವ್ದೈತೆ ಹೇಳು" ಅಂದ.

"ಗಾಳಿ ಹರಿಯೋದನ್ನ ಓದೋದು ಒಂದು. ರೆಕ್ಕೆ, ಮೈಕಟ್ಟು ಮುರೀದಂಗೆ ಕಟ್ಟೋದು ಒಂದು. ಇಂಜಿನ್ನು ಒಂದು. ಒಳಗಡೆ ಎಲೆಕ್ಟ್ರಾನಿಕ್ಸು ಒಂದು, ಅದನ್ನ ಏವಿಯಾನಿಕ್ಸ್ ಅಂತಾರೆ."

"ನಿಂಗ್ಯಾವ್ದು?"

"ಇಂಜಿನ್ನು ಮಾವ. ಬಿರುಗಾಳಿಯಾಗೆ ಬೆಂಕಿ ಆರದಂಗೆ ನಿಲ್ಸೋದು."

"ಹೆಂಗೆ ನಿಲ್ತದೆ?" ಮಾವನ ಕೈ ನಿಂತಿತು.

"ಗಾಳಿಗೆ ಅಡ್ಡ ಒಂದು ಕಬ್ಬಿಣದ ತುಂಡು ಇಡ್ತಾರೆ. ಅದ್ರ ಬೆನ್ನಿಗೆ ಗಾಳಿ ಸುಳಿ ಸುತ್ಕಂಡು ವಾಪಸ್ ಬತ್ತದೆ. ಬೆಂಕಿ ಆ ಸುಳಿಯಾಗೆ ಕುಂತಿರ್ತದೆ."

"ಹೊಳೆಯಾಗೆ ಬಂಡೆ ಹಿಂದೆ ಮೀನು ನಿಂತಂಗೆ!" ಎಂದು ಮಾವ ಎದ್ದೇ ಬಿಟ್ಟ. ಸಿಪ್ಪೆಯೆಲ್ಲ ನೆಲಕ್ಕೆ. "ಭೇಷ್ ಕಣಮ್ಮ! ಏ ಇವ್ಳೇ, ಬಾ ಇಲ್ಲಿ, ಹುಡುಗಿ ಏನ್ ಹೇಳ್ತಾಳೆ ಕೇಳು" ಎಂದು ಅತ್ತೆಯನ್ನು ಕರೆದ. ಅಷ್ಟು ಚೆನ್ನಾಗಿ, ಅಷ್ಟು ಬೇಗ ಅದನ್ನು ಅರ್ಥಮಾಡಿಕೊಂಡವರು ನಮ್ಮ ಕ್ಲಾಸಿನಲ್ಲೂ ಇರಲಿಲ್ಲ. ಅದಕ್ಕೇ ನನಗೆ ಈಗಲೂ ಹೊಟ್ಟೆ ಉರಿಯುವುದು. ತಿಳಿಯದವನು ಮಾಡಿದ್ದರೆ ಹೋಗಲಿ ಅನ್ನಬಹುದಿತ್ತು.

ಮಾರನೇ ದಿನ ಅಪ್ಪ ಅವ್ವ ಬಂದರು. ಮಂಡಿ ಯಜಮಾನನ ಅಳಿಯ ಅಪ್ಪನ ತಲೆಗೆ ತುಂಬಿದ್ದ: ಎಲೆಕ್ಟ್ರಾನಿಕ್ಸ್ ಇದ್ದರೆ ಎಲ್ಲಿ ಬೇಕಾದರೂ ಬದುಕಬಹುದು, ಇಂಜಿನ್ನು ಗಂಡಸರ ಕೆಲಸ ಅಂತ. "ಎಣ್ಣೆ ಮಸಿ ಬಳ್ಕಂಡು ಶೆಡ್ನಾಗೆ ನಿಂತ್ರೆ ನಾಳೆ ಹೆಣ್ಣು ಕೇಳಾಕೆ ಯಾರು ಬತ್ತಾರೆ?" ಎಂದು ಅಪ್ಪ ನೆಲ ನೋಡಿಕೊಂಡು ಹೇಳಿದ. ನಾನು ಮಾವನ ಮುಖ ನೋಡಿದೆ. ಒಂದು ಮಾತು, ಒಂದೇ ಒಂದು ಮಾತು ಅವನು ಆಡಿದ್ದರೆ ಸಾಕಿತ್ತು. ಅಪ್ಪ ಅವನ ಮಾತು ಮೀರುವವನೇ ಅಲ್ಲ. ಮಾವ ಗಡ್ಡ ಕೆರೆದುಕೊಂಡು, "ನಂಗೇನೋ ಹುಡುಗಿ ಹೇಳೋದೇ ಸರಿ ಅನ್ನಿಸ್ತದೆ. ಆದ್ರೆ ಜವಾಬ್ದಾರಿ ಮಾತು ಇದು. ಅಮ್ಮನ್ನೇ ಕೇಳ್ಬುಡನ" ಅಂದ.

ನಾನು ಕುಣಿದುಕೊಂಡು ಒಪ್ಪಿದೆ. ಹೋದ ಸಲ ದಪ್ ಅಂತ ಬಲಕ್ಕೆ ಬಿದ್ದಿತ್ತಲ್ಲ! ಶುಕ್ರವಾರ ಬೆಳಿಗ್ಗೆ ಕಣಗಿಲೆ ಕಿತ್ತು ತಂದವಳೂ ನಾನೇ. ಅವ್ವನಿಗೆ ಬೇರೆ ಚಿಂತೆ. "ಪ್ರೊಪಲ್ಷನ್ ಅಂದ್ರೆ ಅಮ್ಮನೋರಿಗೆ ತಿಳೀತದಾ?" ಎಂದು ಕೇಳಿದಳು. "ಆಕೆಗೆ ತಿಳೀದಿರೋ ಸಬ್ಜೆಕ್ಟ್ ಯಾವ್ದೈತೆ ಅಕ್ಕ?" ಎಂದು ಮಾವ ನಕ್ಕ. ಆದರೂ ಒಳಗೆ ಹೋದ ಮೇಲೆ ಚೌಡಮ್ಮನ ಕಿವಿಯ ಹತ್ತಿರ ಬಗ್ಗಿ, ಬಿಡಿಸಿ ಬಿಡಿಸಿ ಹೇಳಿದ್ದು ನನಗೆ ಕೇಳಿಸಿತು: "ಇಂಜಿನ್ನು ಕಣಮ್ಮ. ವಿಮಾನದ್ದು. ಬೆಂಕಿ ನಿಲ್ಸೋ ಕೆಲ್ಸ. ನಿನ್ ಮಗಳು ಅದನ್ನ ಓದ್ಲಾ? ಆಗ್ಲಿ ಅಂದ್ರೆ ಬಲಕ್ಕೆ ಕೊಡು."

ಈ ಸಲ ಅಮ್ಮ ಬೇಗ ಉತ್ತರ ಕೊಡಲಿಲ್ಲ. ನಾವು ನಾಲ್ವರೂ ಕಣ್ಣು ಮಿಟುಕಿಸದೆ ನಿಂತೆವು. ಮಾವ ಆವತ್ತು ಬೈಯಲೂ ಇಲ್ಲ. ಹೊರಗೆ ರಸ್ತೆಯಲ್ಲಿ ಕಂಬದೂರಿನ ಬಸ್ಸೊಂದು ಮೈಮುರಿದುಕೊಂಡು ಬಂದು, ಹಳ್ಳಕ್ಕೆ ಧಡಾರನೆ ಬಿದ್ದು ಎದ್ದು ಹೋಯಿತು. ತಗಡಿನ ಚಪ್ಪರ ಗಡಗಡ ಅಂದಿತು. ಎಡಗಡೆಯ ಹೂವು ಜಾರಿ ಕೆಳಗೆ ಬಿತ್ತು.

ಅವ್ವ ಕೆನ್ನೆ ಬಡಿದುಕೊಂಡಳು. ಅಪ್ಪ ನಿಟ್ಟುಸಿರು ಬಿಟ್ಟ. ಸಮಾಧಾನದ ನಿಟ್ಟುಸಿರು ಅದು, ನನಗೆ ಗೊತ್ತಾಯಿತು. ನಾನು ಚೀರಿದೆ. "ಮಾವ! ಬಸ್ ಹೋಯ್ತಲ್ಲ ಈಗ, ಅದ್ರ ಅದುರಿಗೆ ಬಿತ್ತು! ನೀನೇ ನೋಡ್ದೆ!"

"ನೋಡ್ದೆ ಕಣಮ್ಮ" ಅಂದ ಮಾವ. ಅವನ ಮುಖ ಬೂದಿಯಾಗಿತ್ತು. "ಆ ಬಸ್ನ ಆ ಟೈಮ್ಗೆ ಕಳ್ಸಿದ್ದು ಯಾರು?"

"ಇನ್ನೊಂದ್ಸಲ ಕೇಳು. ಒಂದೇ ಒಂದ್ಸಲ."

"ರೀವ್ಯಾಲ್ಯುಯೇಷನ್ ಇಲ್ಲ ಕಣಮ್ಮ ಇಲ್ಲಿ."

ಕಾರಣವಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂದು ನನಗೆ ಕಲಿಸಿದವನು! ಕಾರಣ ಕಣ್ಣೆದುರಿಗೇ ಹಾರನ್ನು ಹೊಡೆದುಕೊಂಡು ಕಂಬದೂರಿಗೆ ಹೋಯಿತಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ. ನನ್ನ ಪೂಜಾರಿ ಬೇಕಾದಷ್ಟು ವರ ಕೊಟ್ಟಿದ್ದ, ಮಾಳಿಗೆ ಮೇಲೆ ನಿಲ್ಲಿಸಿ ಕೊಟ್ಟಿದ್ದ. ಆ ಕಲ್ಲು ಕೊಡಲಿಲ್ಲ. ಆವತ್ತು ನಾನು ಊಟ ಬಿಟ್ಟೆ. ಮಾವನೂ ಬಿಟ್ಟ. ಸಂಜೆ ಬಂದು ತಲೆ ನೇವರಿಸಿ, "ನಿನ್ ಒಳ್ಳೇದಕ್ಕೇ ಇರ್ತದೆ ಕಣಮ್ಮ. ಇವತ್ತು ತಿಳಿಯಲ್ಲ" ಅಂದ. ಅವನು ಮೋಸ ಮಾಡಲಿಲ್ಲ. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅವನು ಅದನ್ನು ಮನಸಾರೆ ನಂಬಿದ್ದ ಎಂದೇ ನಾನೂ ನಂಬಿ ಸುಮ್ಮನಾದೆ.

ಸುಬ್ಬಾರಾವ್ ಸರ್ ಎದುರಿಗೆ ನಿಂತು ಏನು ಹೇಳಲಿ? ಹೂವು ಒಪ್ಪಲಿಲ್ಲ ಅನ್ನಲೇ? "ಮನೆಯಲ್ಲಿ ಒಪ್ಪಲಿಲ್ಲ ಸರ್" ಅಂದೆ. "ಸರೇ ಅಮ್ಮಾ" ಎಂದು ಅವರು ಕನ್ನಡಕ ಒರೆಸಿಕೊಂಡರು. ನನ್ನ ಜಾಗಕ್ಕೆ ಬೇರೊಬ್ಬ ಹುಡುಗ ಬಂದ. ನಾನು ಏವಿಯಾನಿಕ್ಸ್ ತರಗತಿಯಲ್ಲಿ ಕೂತೆ. ಓದಿದೆ, ಪಾಸಾದೆ. ಅದು ಕೆಟ್ಟ ವಿಷಯ ಅಂತ ಅಲ್ಲ. ಅದನ್ನು ಪ್ರೀತಿಸಿದವರು ನಮ್ಮ ಕ್ಲಾಸಿನಲ್ಲೇ ಇದ್ದರು, ಬೆಳಗಿದರು. ನನಗೆ ಅದು ಬೇರೆಯವರ ಚಪ್ಪಲಿ. ಶೆಡ್ಡಿನಲ್ಲಿ ಗುಡುಗಿದ ಸದ್ದು ನಮ್ಮ ಕಿಟಕಿಗೆ ಕೇಳಿಸುತ್ತಿತ್ತು. ಪೆನ್ನು ಕೆಳಗಿಟ್ಟು ಕೂತುಬಿಡುತ್ತಿದ್ದೆ.

ಎಲ್ಲಿ ಬೇಕಾದರೂ ಬದುಕಬಹುದು ಅಂದಿದ್ದರಲ್ಲ, ಬದುಕಿದೆ. ಎರಡು ಮೂರು ಕಡೆ ಅರ್ಜಿ ಹಾಕಿ, ಯಾರೂ ಕರೆಯದೆ, ಕೊನೆಗೆ ಹಿಂದೂಪುರದಿಂದ ಪರಿಗಿಯ ಕಡೆ ಹೊಸದಾಗಿ ಎದ್ದ ಒಂದು ಖಾಸಗಿ ಕಾಲೇಜಿನಲ್ಲಿ ಲೆಕ್ಚರರ್ ಆದೆ. ಫಸ್ಟ್ ಇಯರ್ ಮಕ್ಕಳಿಗೆ ಡಯೋಡು, ಟ್ರಾನ್ಸಿಸ್ಟರು. ಅಲ್ಲಿ ವಿಮಾನದ ಹೆಸರೆತ್ತುವವರಿಲ್ಲ. ಮಾವನಿಗೆ ಮಾತ್ರ ನನ್ನ ಮೇಲೆ ಹೆಮ್ಮೆ ಒಂಚೂರೂ ಕುಂದಿರಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕವರಿಗೆಲ್ಲ, "ನಮ್ ಅಕ್ಕನ ಮಗಳು. ವಿಮಾನದ ಇಂಜಿನಿಯರು" ಎಂದು ಪರಿಚಯ ಮಾಡಿಸುತ್ತಿದ್ದ. ಅಯ್ಯೋ, ಬಿಡು ಮಾವ ಅಂದರೆ ನಾಚಿಕೆ ಅಂದುಕೊಳ್ಳುತ್ತಿದ್ದ. ನಾನು ನಗುತ್ತಾ ನಿಂತಿರುತ್ತಿದ್ದೆ, ಒಳಗೆ ಮೆಣಸಿನಕಾಯಿ ಅರೆದಂತೆ ಆಗುತ್ತಿತ್ತು.

ಇಷ್ಟರಲ್ಲಿ ರಘುವೂ ಬೆಳೆದು ನನ್ನ ಹಾದಿಯಲ್ಲೇ ಅದೇ ಕಾಲೇಜು, ಅದೇ ಏರೋನಾಟಿಕಲ್ ಸೇರಿದ್ದ. ಎರಡು ಸಾವಿರದ ಒಂಬತ್ತರ ಬೇಸಿಗೆ. ಮಾವ ಫೋನ್ ಮಾಡಿದ. "ಭಾನುವಾರ ಬಂದ್ಬುಡು ಕಣಮ್ಮ. ರಘು ಯಾವ್ದು ತಗಬೇಕು ಅಂತ ಮಾತಾಡ್ಬೇಕು. ನಿನ್ ಬಿಟ್ರೆ ನಂಗ್ಯಾರವ್ರೆ ಕೇಳಾಕೆ?" ಅಂದ. ಹೋದೆ. ಬಸ್ಸಿನಲ್ಲಿ ಕೂತು ರಘುವಿಗೆ ಏನು ಹೇಳಬೇಕು ಅಂತ ಯೋಚಿಸಿದ್ದೇ ಯೋಚಿಸಿದ್ದು. ಎಡಕ್ಕೆ ಬಿದ್ದರೂ ಕುಗ್ಗಬೇಡ, ಹಟ ಮಾಡು, ಅಪ್ಪನ ಎದುರು ನಿಲ್ಲು. ನನಗೆ ಹೇಳುವವರು ಯಾರೂ ಇರಲಿಲ್ಲ, ಇವನಿಗೆ ನಾನಾದರೂ ಇದ್ದೇನೆ ಅಂದುಕೊಂಡೆ.

ಅತ್ತೆ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದಳು. ಮಾವ ಇಳಿದುಹೋಗಿದ್ದ, ಮೆಟ್ಟಿಲು ಹತ್ತಿದರೆ ಏದುಸಿರು ಅಂತ ಅತ್ತೆ ಹೇಳಿದಳು. ಆದರೆ ಕೂತ ಕೂಡಲೇ ಹಳೆಯ ಮೇಷ್ಟ್ರೇ. ಒಂದಾದ ಮೇಲೊಂದು ಪ್ರಶ್ನೆ. ಪ್ರೊಪಲ್ಷನ್ ಓದಿದೋರು ಈಗ ಎಲ್ಲೆಲ್ಲವ್ರೆ? ಮುಂದೆ ಎಂಟೆಕ್ ಎಲ್ಲಿ ಒಳ್ಳೇದು? ಏವಿಯಾನಿಕ್ಸ್ ತಗಂಡು ಬೇಜಾರಾದೋರು ಉಂಟಾ? ಇದನ್ನು ನನ್ನನ್ನೇ ಕೇಳಿದ! ಆರು ತಿಂಗಳಿಂದ ಇದೇ ಕೆಲಸವಂತೆ. ಬೆಂಗಳೂರಿಗೆ ಎರಡು ಸಲ ಹೋಗಿ ಇಂಜಿನ್ನಿನ ಕೆಲಸ ಮಾಡಿ ರಿಟೈರ್ ಆದವರೊಬ್ಬರ ಮನೆ ಹುಡುಕಿ ಮಾತಾಡಿಸಿದ್ದನಂತೆ. ಹೈದರಾಬಾದಿಗೂ ಹೋಗಿದ್ದ. "ನಿಮ್ ಸುಬ್ಬಾರಾವ್ ಸಾರ್ನೂ ನೋಡ್ಕಂಡ್ ಬಂದೆ ಕಣಮ್ಮ. ಏನ್ ಮನುಷ್ಯ! ನಿನ್ನ ನೆನೆಸ್ಕಂಡ್ರು. ಒಳ್ಳೇ ಹುಡುಗಿ, ಯಾಕೋ ಬಿಟ್ಬುಟ್ಲು ಅಂದ್ರು" ಎಂದು ಹೇಳಿ ಬಜ್ಜಿ ನನ್ನ ತಟ್ಟೆಗೆ ಹಾಕಿದ.

ನಾನಿದ್ದಾಗ ಅವನು ಹೈದರಾಬಾದಿನ ಬಸ್ಸು ಹತ್ತಿದವನಲ್ಲ. ಕಲ್ಯಾಣದುರ್ಗದಿಂದ ಆ ಗುಡಿಯವರೆಗೆ ಬಂದಿದ್ದ, ಅಷ್ಟೇ.

"ರಘುಗೆ ಯಾವ್ದು ಇಷ್ಟ?" ಅಂದೆ.

"ಇಂಜಿನ್ನು ಅಕ್ಕ" ಅಂದ ರಘು.

"ಅದನ್ನೇ ಕೊಡಿಸ್ತೀನಿ" ಅಂದ ಮಾವ. "ಎಲ್ಲಾ ಕಡೆ ವಿಚಾರಿಸಿವ್ನಿ. ಅದೇ ಸರಿ. ಹುಡುಗಂಗೂ ಅದ್ರ ಮ್ಯಾಲೇ ಮನ್ಸು. ನೀನೂ ಒಂದ್ಮಾತು ಹೂಂ ಅಂದ್ರೆ ಆಯ್ತು."

ನಾನು ತಟ್ಟೆ ಕೆಳಗಿಟ್ಟೆ. "ಅಮ್ಮನ್ನ ಕೇಳಿದ್ಯಾ ಮಾವ?"

ಮಾವ ನನ್ನನ್ನು ನೋಡಿದ. ಕಳ್ಳತನ ಸಿಕ್ಕಿಬಿದ್ದವನ ನೋಟವಲ್ಲ ಅದು. ಏನೂ ತಿಳಿಯದ ಮಗುವಿಗೆ ತಿಳಿಸಿ ಹೇಳುವವನಂತೆ, ದನಿ ತಗ್ಗಿಸಿ, ನನ್ನ ಕೈ ಮೇಲೆ ಕೈ ಇಟ್ಟು ಹೇಳಿದ.

"ಹೆಂಗೆ ಕೇಳ್ಲಮ್ಮ? ಒಬ್ನೇ ಮಗ. ಎಡಕ್ಕೆ ಬಿದ್ಬುಟ್ರೆ?"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಅರ್ಥವಾಯಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಮಾವನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ, ಹೇಳದೆ ಬರುವುದಕ್ಕೆ ಆಗಲಿಲ್ಲ.

"ನಂದು ಬಿತ್ತಲ್ಲ ಮಾವ ಎಡಕ್ಕೆ."

"ನಿಂಗೇನಾಗೈತೆ ಬುಡಮ್ಮ ಈಗ?" ಎಂದು ಮಾವ ನಕ್ಕ. ಪ್ರೀತಿಯಿಂದಲೇ ನಕ್ಕ. "ಮನೆ ಹತ್ರಾನೇ ಕೆಲ್ಸ. ಅಕ್ಕನ ಕೈ ಊಟ. ನೆರಳಾಗೆ ಇದೀಯ. ಅಮ್ಮ ನಿನ್ನ ಕೈ ಬಿಟ್ಲಾ?"

ಕೂಗಾಡಬೇಕು ಅನ್ನಿಸಿತು. ತಟ್ಟೆ ಎತ್ತಿ ಗೋಡೆಗೆ ಹೊಡೆಯಬೇಕು ಅನ್ನಿಸಿತು. ಅವನು ಏದುಸಿರು ಬಿಡುತ್ತಾ ಕೂತಿದ್ದ. ಎದುರಿಗೆ ರಘು, ಕಣ್ಣು ಪಿಳಿಪಿಳಿ ಬಿಡುತ್ತಾ. ಆ ಹುಡುಗ ನನಗೇನು ಮಾಡಿದ್ದ? "ಇಂಜಿನ್ನೇ ತಗಳೋ ರಘು" ಅಂದೆ. "ಬೇರೆ ಯಾರ ಮಾತೂ ಕೇಳ್ಬೇಡ." ಮಾವನ ಮುಖ ಊರಗಲವಾಯಿತು. "ನೋಡ್ದ್ಯಾ, ಅಕ್ಕ ಹೇಳ್ಬುಟ್ಲು!" ಎಂದು ಮಗನ ಬೆನ್ನು ತಟ್ಟಿದ.

ಬಿಸಿಲು ಇಳಿಯುವ ಮುಂಚೆಯೇ ಹೊರಟೆ. ಬೇಡ ಅಂದರೂ ಮಾವ ಬಸ್‌ಸ್ಟ್ಯಾಂಡಿಗೆ ಬಂದ. ನನಗೆ ಸೀಟು ಹಿಡಿಯಲು ಕಿಟಕಿಯಿಂದ ಟವಲ್ಲು ಹಾಕಿದ, ನೂಕಾಡಿ ಹತ್ತಿ, ಕೂರಿಸಿ, ಇಳಿದು ಕಿಟಕಿಯ ಹತ್ತಿರ ನಿಂತ. "ಹುಷಾರಾಗಿ ಹೋಗು. ಮುಟ್ಟಿದ ಮ್ಯಾಲೆ ಫೋನ್ ಮಾಡು" ಅಂದ. ನಾನು ಮಾಡಲಿಲ್ಲ. ಆಮೇಲೆ ಅವನು ಮಾಡಿದಾಗಲೂ ಕ್ಲಾಸಿದೆ ಎಂದು ಅವ್ವನ ಕೈಗೆ ಕೊಟ್ಟೆ. ಅವನ ದನಿ ಕೇಳಿದರೆ ನನ್ನ ಬಾಯಿಂದ ಏನು ಬರುತ್ತದೋ ಅಂತ ನನಗೇ ಭಯವಿತ್ತು.

ಆ ವರ್ಷದ ಕೊನೆಗೆ ಮಾವ ಹೋದ. ಎದೆನೋವು, ಆಸ್ಪತ್ರೆಗೆ ಅಂತ ಕರೆದೊಯ್ದವರು ಅನಂತಪುರ ಮುಟ್ಟುವ ಮುಂಚೆಯೇ. ನಾವು ಹಿಂದೂಪುರದಿಂದ ಹೋಗಿ ಸೇರುವ ಹೊತ್ತಿಗೆ ಅಂಗಳದ ತುಂಬ ಜನ. ಅವನ ಹಳೆಯ ವಿದ್ಯಾರ್ಥಿಗಳೇ ಅರ್ಧ ಊರು. ತೆಲುಗಿನಲ್ಲಿ, ಕನ್ನಡದಲ್ಲಿ ಅವನ ಮಾತುಗಳನ್ನೇ ಆಡಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ರಘು ಲ್ಯಾಬಿನಿಂದಲೇ ಓಡಿ ಬಂದಿದ್ದ, ಅಂಗಿಯ ಮೇಲೆ ಎಣ್ಣೆಯ ಕಲೆ ಹಾಗೇ ಇತ್ತು. ನಾನು ಬಾಗಿಲ ಹತ್ತಿರ ಮರಗಟ್ಟಿ ನಿಂತುಬಿಟ್ಟೆ. ಅವ್ವ ತೋಳು ಹಿಡಿದು ಅಲ್ಲಾಡಿಸಿ, "ಅಳೇ, ನಿನ್ನ ಓದ್ಸಿದೋನು ಕಣೇ, ಅಳೇ" ಅಂದಳು.

ರಘುವಿನ ಅಂಗಿ ನೋಡಿದೆ. ಆಗ ಬಂತು ಅಳು. ಎದೆಯೊಡೆದು ಬಂತು, ನಿಲ್ಲಿಸಲು ಆಗಲಿಲ್ಲ, ನಾಲ್ಕು ಜನ ಹಿಡಿದು ಕೂರಿಸಬೇಕಾಯಿತು. ಹೆಂಗಸರು, ಸೋದರಮಾವ ಅಂದ್ರೆ ಎಷ್ಟು ಪ್ರಾಣ ನೋಡ್ರಿ ಈ ಹುಡುಗೀಗೆ ಅಂದರು. ಪ್ರಾಣವೇ, ಸುಳ್ಳಲ್ಲ. ಆದರೆ ಆವತ್ತು ನಾನು ಅತ್ತಿದ್ದು ಅವನಿಗಲ್ಲ, ನನಗೆ.